ಹಿಂದಿರುಗಿಸಿದ ಮುಂಗಡ

ಕಳೆದ ತಿಂಗಳು ದೊಡ್ಡಬಳ್ಳಾಪುರಕ್ಕೆ ಹೋಗಿಬರಬೇಕಾಯಿತು. ನಮ್ಮ ಹಳೆಯ ಮಗ್ಗದ ಶೆಡ್ಡನ್ನು ಮಾರಿ ನಾಲ್ಕು ವರ್ಷವಾಗಿದ್ದರೂ ಕರೆಂಟಿನ ಮೀಟರು ಇನ್ನೂ ನನ್ನ ಹೆಸರಿನಲ್ಲೇ ಇತ್ತಂತೆ. ಒಂದು ಸಹಿ ಹಾಕಿ ಹೋಗಿ ಎಂದು ಕೊಂಡವರು ಫೋನು ಮಾಡಿದ್ದರು. ಅರಿಶಿನಕುಂಟೆಯ ಮನೆಯಿಂದ ಹೊರಟು ನೆಲಮಂಗಲದಲ್ಲಿ ಬಸ್ಸು ಹಿಡಿದು ಹೋದೆ. ಸಹಿ ಹಾಕುವ ಕೆಲಸ ಎರಡು ನಿಮಿಷದ್ದು. ಆಮೇಲೆ ಸುಮ್ಮನೆ ಒಳಗೆ ಇಣುಕಿದೆ. ನಮ್ಮ ನಾಲ್ಕು ಮಗ್ಗ ನಿಂತಿದ್ದ ಜಾಗದಲ್ಲಿ ನೀರಿನ ಕ್ಯಾನುಗಳನ್ನು ಸೂರು ಮುಟ್ಟುವ ಹಾಗೆ ಜೋಡಿಸಿದ್ದಾರೆ. ನನ್ನದು ಎನ್ನುವಂಥದ್ದು ಅಲ್ಲಿ ಏನೂ ಕಾಣಲಿಲ್ಲ. ಹೊರಗೆ ಬಂದು ಓಣಿಯಲ್ಲಿ ನಾಲ್ಕು ಹೆಜ್ಜೆ ಹಾಕಿದ್ದೆನೋ ಇಲ್ಲವೋ, ಪಕ್ಕದ ಶೆಡ್ಡಿನ ಬಾಗಿಲು ತೆರೆಯಿತು. ಅಲ್ಲಿ ಇನ್ನೂ ಎರಡು ಮಗ್ಗ ಓಡುತ್ತಿವೆ. ಮಗ್ಗದ ಎಣ್ಣೆ, ಗಂಜಿ ಹಾಕಿದ ನೂಲು, ಕಾದ ಮೋಟಾರು, ಮೂರೂ ಬೆರೆತ ವಾಸನೆ ಮೂಗಿಗೆ ಬಡಿಯಿತು. ಕಾಲು ಅಲ್ಲೇ ನಿಂತುಬಿಟ್ಟಿತು.

ಇಪ್ಪತ್ತಾರು ವರ್ಷ ಆ ವಾಸನೆಯಲ್ಲೇ ಬದುಕಿದವನು ನಾನು. ಆದರೆ ಆ ಹೊತ್ತಿನಲ್ಲಿ ನೆನಪಾದದ್ದು ಒಂದೇ ಒಂದು ವರ್ಷ. ನನ್ನ ಹೆಂಡತಿ ಗಿರಿಜಾ ಶಾಲೆಯ ಕೆಲಸ ಬಿಟ್ಟು ಮನೆಯಲ್ಲಿ ಕೂತು ಕಾದಂಬರಿ ಬರೆದ ವರ್ಷ.

ಗಿರಿಜಾ ಆಗ ಊರಿನ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದಳು. ಭಾನುವಾರದ ಪತ್ರಿಕೆಗಳಲ್ಲಿ ಅವಳ ಏಳೆಂಟು ಕತೆಗಳು ಬಂದಿದ್ದವು. ನಾನು ಕತೆ ಓದುವವನಲ್ಲ. ಅವಳ ಹೆಸರು ಅಚ್ಚಾದ ಪುಟವನ್ನು ನೀಟಾಗಿ ಮಡಚಿ, ಜರಿಯ ಉಂಡೆ ಇಡುತ್ತಿದ್ದ ಬೀರುವಿನಲ್ಲಿ ಇಟ್ಟುಕೊಳ್ಳುವುದಷ್ಟೇ ನನ್ನ ಪಾಲಿನ ಕೆಲಸವಾಗಿತ್ತು. ಮಗಳು ತುಮಕೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಮನೆಯಲ್ಲಿ ನಾವಿಬ್ಬರೇ. ಮನೆಯ ಹಿಂಗೋಡೆಗೆ ಅಂಟಿಕೊಂಡೇ ಶೆಡ್ಡು.

ಆ ವರ್ಷ ಮೇ ತಿಂಗಳಲ್ಲಿ ನಮ್ಮೂರಿನಲ್ಲಿ ಯಾರದೋ ಪುಸ್ತಕ ಬಿಡುಗಡೆ ಇತ್ತು. ಅದಕ್ಕೆ ಬಂದಿದ್ದ ಶೇಷಾದ್ರಿ ಎನ್ನುವವರು ಗಿರಿಜಾಳ ವಿಳಾಸ ಕೇಳಿಕೊಂಡು ಮಧ್ಯಾಹ್ನ ನಮ್ಮ ಮನೆಗೇ ಬಂದರು. ಬೆಂಗಳೂರಿನಲ್ಲಿ ಸಣ್ಣದೊಂದು ಪ್ರಕಾಶನ ನಡೆಸುವವರು. ಅರವತ್ತು ದಾಟಿದ್ದ, ತೆಳ್ಳಗಿನ ಮನುಷ್ಯ. ಊಟದ ಹೊತ್ತು, ಹಾಗೇ ಕಳಿಸುವುದು ಹೇಗೆ? ಅವತ್ತು ಮನೆಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು.

"ಸಾರ್, ಮುದ್ದೆ ನಡೆಯುತ್ತಾ?" ಎಂದೆ, ಸಂಕೋಚದಿಂದ.

"ನಡೆಯೋದೇನು, ಓಡುತ್ತೆ. ಎರಡು ಹಾಕಿಸಿ" ಎಂದರು.

ಉಂಡು ಕೈತೊಳೆದು ಮಂಚದ ಮೇಲೆ ಕೂತ ಮೇಲೆ ವಿಷಯಕ್ಕೆ ಬಂದರು.

"ನೋಡಮ್ಮ, ನಿಮ್ಮ ಕತೆಗಳನ್ನ ಓದಿದೀನಿ. ಎಲ್ಲಾ ಅರ್ಧಕ್ಕೆ ಎದ್ದು ಹೋದ ಹಾಗಿವೆ. ನಿಮ್ಮ ಕೈಗೆ ಸಣ್ಣ ಕತೆ ಸಾಲದು. ಕಾದಂಬರಿ ಬರೀರಿ."

"ಯಾವಾಗ ಸಾರ್ ಬರೀಲಿ? ಬೆಳಿಗ್ಗೆ ಎಂಟಕ್ಕೆ ಸ್ಕೂಲು. ಸಾಯಂಕಾಲ ಬಂದ್ರೆ ಟ್ಯೂಷನ್ ಮಕ್ಕಳು ಬಾಗಿಲಲ್ಲೇ ನಿಂತಿರ್ತವೆ."

"ಸ್ಕೂಲಲ್ಲಿ ಎಷ್ಟು ಕೊಡ್ತಾರೆ?"

ಗಿರಿಜಾ ನನ್ನ ಮುಖ ನೋಡಿ, "ಹತ್ತು ಸಾವಿರ" ಎಂದಳು.

ಅವರು ಸ್ವಲ್ಪ ಹೊತ್ತು ಶೆಡ್ಡಿನ ಕಡೆಯ ಸದ್ದನ್ನೇ ಕೇಳುತ್ತಾ ಕೂತಿದ್ದರು. "ಹತ್ತು ತಿಂಗಳದ್ದು ನಾನು ಕೊಡ್ತೀನಿ. ಈಗ ಅರ್ಧ ಮುಂಗಡ, ಬರೆದು ಕೊಟ್ಟಾಗ ಇನ್ನರ್ಧ. ಪುಸ್ತಕ ಮಾರಾಟ ಆದ್ಮೇಲೆ ನಿಮಗೆ ಬರೋ ಗೌರವಧನದಲ್ಲಿ ಹಿಡ್ಕೋತೀನಿ. ಮಾರಾಟ ಆಗದಿದ್ರೆ ಅದು ನನ್ನ ಹಣೇಬರಹ, ನಿಮ್ಮದಲ್ಲ. ಯುಗಾದಿ ಹೊತ್ತಿಗೆ ಕೊಡಿ."

ಮಾರಾಟದ ಆ ಮಾತನ್ನು ನಾನು ಅವತ್ತು ಕಿವಿಗೊಟ್ಟು ಕೇಳಿದ್ದಿದ್ದರೆ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಮಾರಾಟ ಆಗದಿದ್ದರೆ ನಮ್ಮ ಹಣೆಬರಹವಲ್ಲ ಎಂದರು ಅವರು. ನನ್ನ ಕಿವಿಗೆ ಬಿದ್ದದ್ದು ಮುಂಗಡ ಎನ್ನುವ ಒಂದೇ ಮಾತು. ಆ ಮಾತು ನನಗೆ ಹುಟ್ಟಿನಿಂದ ಗೊತ್ತು.

ನಮ್ಮ ಕಸುಬಿನಲ್ಲಿ ನೇಯುವವನು ಕೆಲಸಕ್ಕೆ ಸೇರುವಾಗ ಮಾಲೀಕ ಅವನಿಗೆ ಮುಂಗಡ ಕೊಡಬೇಕು. ಅದು ಕೂಲಿಯಲ್ಲಿ ಮುರಿಯುವುದಿಲ್ಲ. ಅವನು ಆ ಮಗ್ಗದಲ್ಲಿ ಇರುವಷ್ಟು ದಿನವೂ ಅವನ ತಲೆಯ ಮೇಲೆ ಹಾಗೇ ನಿಂತಿರುತ್ತದೆ. ಬೇರೆ ಕಡೆ ಹೋಗಬೇಕೆಂದರೆ ಆ ಹಣವನ್ನು ತಂದು ಮಾಲೀಕನ ಮುಂದಿಡಬೇಕು. ಇಲ್ಲದಿದ್ದರೆ ಅವನನ್ನು ಕರೆದುಕೊಳ್ಳುವ ಹೊಸ ಮಾಲೀಕ ಕೊಟ್ಟು ಬಿಡಿಸಿಕೊಳ್ಳಬೇಕು. ನಮ್ಮಲ್ಲಿ ಇದ್ದ ಮುನಿಕೃಷ್ಣ ಎನ್ನುವ ನೇಕಾರನೂ ತಂಗಿಯ ಮದುವೆಗೆ ಮುಂಗಡ ತೆಗೆದುಕೊಂಡು ಆರು ವರ್ಷದಿಂದ ನಮ್ಮ ಎರಡನೇ ಮಗ್ಗದಲ್ಲೇ ಇದ್ದ. ಒಳ್ಳೆಯ ಕೈ ಅವನದು, ಬಾಯಿ ಅದಕ್ಕಿಂತ ಜೋರು.

ಜೂನ್ ತಿಂಗಳಲ್ಲಿ ಶಾಲೆ ಶುರುವಾದ ದಿನ ಗಿರಿಜಾ ಹೋಗಲಿಲ್ಲ. ಎಂಟು ಗಂಟೆಗೆ ತಲೆ ಬಾಚಿಕೊಂಡು, ಶಾಲೆಗೆ ಉಡುವ ಸೀರೆಯನ್ನೇ ಉಟ್ಟುಕೊಂಡು, ನಡುಮನೆಯ ಕಿಟಕಿಯ ಬಳಿ ಸ್ಟೂಲು ಹಾಕಿಕೊಂಡು ಕೂತಳು. ಮನೆಯಲ್ಲೇ ಕೂರುವವಳಿಗೆ ಈ ಸೀರೆ ಯಾಕೆ ಎಂದದ್ದಕ್ಕೆ, "ಸಂಬಳ ಇಸ್ಕೊಂಡಿದೀನಲ್ಲ ರೀ, ನೈಟಿಲಿ ಕೂತ್ರೆ ಆಗುತ್ತಾ?" ಎಂದು ನಕ್ಕಳು.

ಆ ವರ್ಷ ಮಳೆ ಸಣ್ಣಗೆ, ಬಿಟ್ಟೂಬಿಡದೆ ಹಿಡಿದಿತ್ತು. ಓಣಿಯ ಬಾಗಿಲುಗಳಲ್ಲೆಲ್ಲ ಒಣಗದ ಬಟ್ಟೆ. ಬೆಳಿಗ್ಗೆ ಮಗ್ಗ ಶುರು ಮಾಡಿ, ಉದ್ದಕ್ಕೆ ಬಿಗಿದ ಹಾಸಿನ ನೂಲಿನಲ್ಲಿ ಎಳೆ ಕಡಿದಿದ್ದರೆ ಗಂಟು ಹಾಕಿ, ಹತ್ತು ಗಂಟೆಗೆ ನಾನು ಅಡುಗೆಮನೆಗೆ ಹೋಗುತ್ತಿದ್ದೆ. ಆ ವರ್ಷದವರೆಗೆ ಒಂದು ಲೋಟ ಟೀ ಮಾಡಿ ಗೊತ್ತಿರಲಿಲ್ಲ ನನಗೆ. ಮೊದಲ ವಾರ ಮುದ್ದೆಯಲ್ಲಿ ಹಿಟ್ಟಿನ ಗಂಟು ಗಂಟು ಉಳಿಯುತ್ತಿತ್ತು. ಮುನಿಕೃಷ್ಣ ಒಂದು ತುತ್ತು ಮುರಿದು ನೋಡಿ, "ಅಣ್ಣಾ, ಇದನ್ನ ಲಾಳಿ ಒಳಗೆ ಹಾಕಿ ಬಿಟ್ರೆ ಸೀರೆ ಮ್ಯಾಲೆ ಬುಟ್ಟಾ ಬೀಳ್ತದೆ" ಎಂದ. ಗಿರಿಜಾ ಒಳಗಿನಿಂದಲೇ ಜೋರಾಗಿ ನಕ್ಕಳು. ಸೊಪ್ಪಿನ ಸಾರು ಬೇಗ ಕೈ ಹಿಡಿಯಿತು. ಗೌರಿ ಹಬ್ಬದ ಹೊತ್ತಿಗೆ ಒಬ್ಬಟ್ಟಿನ ಹೂರಣವನ್ನೂ ನಾನೇ ರುಬ್ಬಿದೆ.

ಅವಳು ಬರೆಯುತ್ತಿದ್ದುದು ಮಗ್ಗದ ಮನೆಯೊಂದರಲ್ಲಿ ಕಂಡಿಕೆ ಸುತ್ತುವ ಹೆಂಗಸಿನ ಕತೆ. ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಉರುಳೆಗೆ ನಮ್ಮಲ್ಲಿ ಕಂಡಿಕೆ ಎನ್ನುತ್ತಾರೆ. ಮಧ್ಯೆ ಮಧ್ಯೆ ಪೆನ್ನು ಹಿಡಿದುಕೊಂಡೇ ಶೆಡ್ಡಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

"ರೀ, ಲಾಳಿ ಜಾರಿ ಹೊರಗೆ ಹಾರಿದ್ರೆ ಎಷ್ಟು ದೂರ ಹೋಗುತ್ತೆ?"

"ಗೋಡೆ ತನಕ."

"ಎದುರಿಗೆ ಯಾರಾದ್ರೂ ಇದ್ರೆ?"

"ಎದುರಿಗೆ ಯಾರೂ ನಿಲ್ಲಲ್ಲ. ನಿಂತ್ರೆ ಹಲ್ಲು ಹೋಗುತ್ತೆ."

ಅದನ್ನು ಬಾಯಲ್ಲೇ ಹೇಳಿಕೊಳ್ಳುತ್ತಾ ಒಳಗೆ ಹೋಗುವಳು. ಮದುವೆಯಾಗಿ ಇಪ್ಪತ್ತು ವರ್ಷಗಳಲ್ಲಿ ನನ್ನ ಕೆಲಸದ ಬಗ್ಗೆ ಅವಳು ಅಷ್ಟು ಕೇಳಿದ್ದೇ ಇಲ್ಲ. ಹಾಸಿನ ನೂಲಿಗೆ ಗಂಜಿ ಹೆಚ್ಚಾದರೆ ಏನಾಗುತ್ತದೆ, ಕರೆಂಟು ಹೋದಾಗ ನೇಯುವವರು ಏನು ಮಾತಾಡಿಕೊಳ್ಳುತ್ತಾರೆ, ಕೆಂಪು ನೂಲಿನ ಬಣ್ಣ ಎಷ್ಟು ದಿನ ಬೆರಳಲ್ಲಿ ಉಳಿಯುತ್ತದೆ. ನನಗೆ ಒಳಗೊಳಗೇ ಹಿಗ್ಗು. ಅವಳು ಕೇಳಲಿ ಎಂದು ಕಾಯುತ್ತಿದ್ದೆ. ಮಗ್ಗದ ಸದ್ದಿನಲ್ಲಿ ಹೇಗೆ ಬರೆಯುತ್ತೀಯ ಎಂದು ನೆಂಟರು ಕೇಳಿದರೆ, "ಸದ್ದು ನಿಂತರೇ ನನಗೆ ಬರೆಯೋಕಾಗಲ್ಲ" ಎನ್ನುತ್ತಿದ್ದಳು. ಅದು ನಿಜ. ಕರೆಂಟು ಹೋದ ಕೂಡಲೇ ಅವಳೂ ಪೆನ್ನಿನ ಮುಚ್ಚಳ ಹಾಕಿ ಜಗಲಿಗೆ ಬರುತ್ತಿದ್ದಳು. ಆಗ ಇಬ್ಬರೂ ಮಳೆ ನೋಡುತ್ತಾ ಕೂರುತ್ತಿದ್ದೆವು.

ಹಾಗೆ ಕೂತಿದ್ದಾಗಲೇ ಒಂದು ದಿನ ಅವಳು ತನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದಳು.

"ವರ್ಷಕ್ಕೆ ಒಂದು ಕಾದಂಬರಿ ಕೊಟ್ರೆ, ಪ್ರತಿ ಸಲ ಹೀಗೇ ಅಡ್ವಾನ್ಸ್ ಬಂದ್ರೆ, ನಾನು ಮತ್ತೆ ಸ್ಕೂಲಿಗೆ ಹೋಗೋದೇ ಬೇಡ ಅಲ್ವಾ?"

"ಒಂದು ಸೀರೆಗೆ ಇಷ್ಟು ದಿನ ಅಂತ ಇದೆ. ಇದಕ್ಕೆ ಹಾಗೆ ಇದೆಯಾ?"

"ಇಲ್ಲ. ಆದ್ರೂ ಆಗಬಹುದು ಅನ್ನಿಸ್ತಿದೆ."

ಅವಳ ಮುಖದಲ್ಲಿ ಅವತ್ತು ಇದ್ದದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಅದು ದುಡ್ಡಿನ ಆಸೆಯಾಗಿರಲಿಲ್ಲ. ಟ್ಯೂಷನ್ ಮಕ್ಕಳು ಬಾರದ ಸಾಯಂಕಾಲಗಳ ಆಸೆ ಅದು.

ಆದರೆ ದುಡ್ಡು ದುಡ್ಡಿನ ಹಾಗೇ ನಡೆದುಕೊಂಡಿತು. ಅವಳು ಪ್ರತಿ ತಿಂಗಳ ಒಂದನೇ ತಾರೀಕು ಬ್ಯಾಂಕಿನಿಂದ ಹತ್ತು ಸಾವಿರ ತೆಗೆದು, ಸಂಬಳ ತಂದುಕೊಟ್ಟ ಹಾಗೆ ನನ್ನ ಕೈಗೆ ಕೊಡುತ್ತಿದ್ದಳು. ಕಾರ್ತಿಕ ಮಾಸದ ಹೊತ್ತಿಗೆ ಅದು ಮುಗಿಯಿತು. ಒಂದನೇ ತಾರೀಕು ಬಂದಾಗ ಅವಳು ಏನೂ ಕೊಡಲಿಲ್ಲ, ನಾನೂ ಕೇಳಲಿಲ್ಲ. ಆದರೆ ಅವತ್ತಿನಿಂದ ಅವಳು ಊಟದಲ್ಲಿ ಎರಡನೇ ಸಲ ಸಾರು ಬಡಿಸಿಕೊಳ್ಳುವುದನ್ನು ನಿಲ್ಲಿಸಿದಳು. ಇಂಥ ಸಣ್ಣ ವಿಷಯ ನನ್ನ ಕಣ್ಣಿಗೆ ಬೇಗ ಬೀಳುತ್ತದೆ. ದೊಡ್ಡದು ಬೀಳುವುದಿಲ್ಲ.

ಪುಷ್ಯದ ಚಳಿಯಲ್ಲಿ ಕಾದಂಬರಿ ನಿಂತುಹೋಯಿತು. ಯಾಕೆ ನಿಂತಿತು ಎಂದು ನನಗೆ ಅರ್ಥವಾಗಲಿಲ್ಲ. ಬೆಳಿಗ್ಗೆ ಓಣಿಯ ತುದಿ ಕಾಣದ ಹಾಗೆ ಮಂಜು. ಅವಳು ಶಾಲು ಹೊದ್ದು ಕಿಟಕಿಯ ಬಳಿ ಕೂತೇ ಇರುತ್ತಿದ್ದಳು. ಹಾಳೆ ಹಾಗೇ ಇರುತ್ತಿತ್ತು. ಒಂದು ದಿನ ಒಲೆಯ ಪಕ್ಕದ ಬುಟ್ಟಿಯಲ್ಲಿ ಬರೆದ ಹಾಳೆಗಳನ್ನು ಹರಿದು ಹಾಕಿದ್ದಳು. ಒಂದೆರಡಲ್ಲ, ಒಂದು ಹಿಡಿಗಿಂತ ದಪ್ಪ. ಜ್ವರ ಬಂತು, ಹೋಯಿತು, ಮತ್ತೆ ಬಂತು. ಕಣ್ಣಿನ ಕೆಳಗೆ ಕಪ್ಪಾಯಿತು.

"ಏನಾಗಿದೆ ಗಿರಿಜಾ?"

"ಆ ಹೆಂಗಸು ಮಾತಾಡ್ತಿಲ್ಲ ರೀ."

"ಯಾವ ಹೆಂಗಸು?"

"ನನ್ನ ಕಾದಂಬರಿಯೋಳು." ಆಮೇಲೆ ಗೋಡೆಗೆ ತಲೆ ಒರಗಿಸಿ, "ಸಾಕಾಗ್ಹೋಗಿದೆ. ಇದರಿಂದ ಯಾರಾದ್ರೂ ನನ್ನನ್ನ ಬಿಡಿಸಿದ್ರೆ ಸಾಕು" ಎಂದಳು.

ದಣಿದವರು ಆಡುವ ಮಾತು ಅದು. ಹೆರಿಗೆ ಕೋಣೆಯಲ್ಲಿ, ಪರೀಕ್ಷೆಯ ಹಿಂದಿನ ದಿನ, ಎಲ್ಲರೂ ಆಡುತ್ತಾರೆ. ನಾನು ಅದನ್ನು ಮಗ್ಗದವನ ಕಿವಿಯಲ್ಲಿ ಕೇಳಿಸಿಕೊಂಡೆ. ಬಿಡಿಸುವುದು ಹೇಗೆಂದು ನನಗೆ ಗೊತ್ತಿತ್ತಲ್ಲ.

ಸಂಕ್ರಾಂತಿಯ ಮಾರನೇ ದಿನ ಶೇಷಾದ್ರಿಯವರು ಫೋನು ಮಾಡಿದರು. ಗಿರಿಜಾ ಮಲಗಿದ್ದಳು, ನಾನೇ ಎತ್ತಿದೆ. ಎಳ್ಳುಬೆಲ್ಲದ ಶುಭಾಶಯ ಹೇಳಿ, "ಹೇಗೆ ನಡೀತಿದೆ ಕೆಲಸ? ಅವಸರ ಏನಿಲ್ಲ, ಸುಮ್ಮನೆ ಕೇಳ್ದೆ" ಎಂದರು. ನಮ್ಮಲ್ಲಿ ಮಾಲೀಕ ಅವಸರ ಏನಿಲ್ಲ ಎಂದರೆ ಅವಸರ ಇದೆ ಎಂದೇ ಲೆಕ್ಕ. ನಾನೇ ಎಷ್ಟೋ ಸಲ ಮುನಿಕೃಷ್ಣನಿಗೆ ಹಾಗೆ ಹೇಳಿದ್ದೆ.

ಶೆಡ್ಡಿಗೆ ಹೋಗಿ ಕೂತೆ. ಮುನಿಕೃಷ್ಣ ಮಗ್ಗ ನಿಲ್ಲಿಸಿ ಹತ್ತಿರ ಬಂದ.

"ಅಕ್ಕೋರು ಹೆಂಗವ್ರೆ ಅಣ್ಣಾ?"

"ಹಂಗೇ ಇದಾಳೆ."

"ಪಾಪ, ಅವ್ರೂ ನಮ್ ಥರಾನೇ ಆಗ್ಬಿಟ್ರು ನೋಡಿ. ಅಡ್ವಾನ್ಸ್ ಇಸ್ಕೊಂಡ್ರೆ ಆಯ್ತು, ಮೈ ನೆಟ್ಟಗಿದ್ರೂ ಕೂರ್ಬೇಕು, ಇಲ್ದಿದ್ರೂ ಕೂರ್ಬೇಕು."

ತಮಾಷೆಗೇ ಹೇಳಿದ. ಅದು ನನಗೆ ನಾಟಿಬಿಟ್ಟಿತು. ನನ್ನ ಹೆಂಡತಿ ಇನ್ನೊಬ್ಬರ ಮುಂಗಡದಲ್ಲಿದ್ದಾಳೆ ಎನ್ನುವುದು ಜೂನ್ ತಿಂಗಳಿನಿಂದಲೂ ನನ್ನನ್ನು ಎಲ್ಲೋ ಒಂದು ಕಡೆ ಚುಚ್ಚುತ್ತಲೇ ಇತ್ತು. ಅವಳ ಆರೋಗ್ಯಕ್ಕಾಗಿ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅರ್ಧ ಅದಕ್ಕಾಗಿ. ಇನ್ನರ್ಧ ನನ್ನ ಹೆಮ್ಮೆಗಾಗಿ. ಈಗ ಒಪ್ಪಿಕೊಳ್ಳುತ್ತೇನೆ.

ನಾಲ್ಕನೇ ಮಗ್ಗವನ್ನು ನಮ್ಮ ಹತ್ತಿರದ ವಿಜಯಪುರದ ಕಡೆಯವರೊಬ್ಬರು ಬಹಳ ದಿನದಿಂದ ಕೇಳುತ್ತಿದ್ದರು. ಕೊಟ್ಟುಬಿಟ್ಟೆ. ರಿಪೇರಿಗೆ ಹೋಗಿದೆ ಎಂದು ಗಿರಿಜಾಗೆ ಹೇಳಿದೆ. ಐವತ್ತು ಸಾವಿರವನ್ನು ಪೇಪರಿನಲ್ಲಿ ಸುತ್ತಿ, ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಬೆಳಗಿನ ಬಸ್ಸು ಹತ್ತಿದೆ. ನೂಲು ತರಲು ಹೋಗುತ್ತಿದ್ದೇನೆ ಎಂದಿದ್ದೆ.

ಶೇಷಾದ್ರಿಯವರ ಕಚೇರಿ ಎಂದರೆ ಒಂದು ಮನೆಯ ಕಾರು ನಿಲ್ಲಿಸುವ ಜಾಗ. ಮೂರು ಕಡೆ ಪುಸ್ತಕದ ಕಟ್ಟುಗಳು, ನಡುವೆ ಒಂದು ಮೇಜು. ನಾನು ಪೊಟ್ಟಣವನ್ನು ಮೇಜಿನ ಮೇಲಿಟ್ಟೆ.

"ಏನ್ರೀ ಇದು ಲೋಕೇಶಪ್ಪನವರೇ?"

"ನಿಮ್ಮ ಅಡ್ವಾನ್ಸು ಸಾರ್. ಎಣಿಸ್ಕೊಳ್ಳಿ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಾನು ದುಡ್ಡು ಕೇಳಿದ್ನಾ?"

"ಕೇಳಿಲ್ಲ ಸಾರ್. ನಮಗೇ ಸರಿ ಅನ್ನಿಸ್ಲಿಲ್ಲ."

"ಅವರೇ ಕಳಿಸಿದ್ರಾ?"

ಇಲ್ಲ ಎಂದಿದ್ದರೆ ಸಾಕಿತ್ತು. ಆದರೆ ಇಲ್ಲ ಎಂದರೆ ಗಂಡ ಹೆಂಡತಿಯ ನಡುವೆ ಏನೋ ನಡೆದಿದೆ ಎಂದುಕೊಂಡಾರು ಅನ್ನಿಸಿತು. "ಹೂಂ ಸಾರ್. ಅವಳೇ ಕೊಟ್ಟು ಬನ್ನಿ ಅಂದ್ಲು" ಎಂದೆ. ಬಾಯಿಂದ ಸಲೀಸಾಗಿ ಬಂತು.

ಅವರು ಪೊಟ್ಟಣವನ್ನು ಪಕ್ಕಕ್ಕೆ ಸರಿಸಿದರು. ಟೀ ತರಿಸಿದರು. ಆಮೇಲೆ, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ, "ಇದರಲ್ಲಿ ಸಂಸಾರ ನಡೆಯುತ್ತೆ ಅಂತ ನಾನು ಯಾರಿಗೂ ಹೇಳಲ್ಲ. ಇಷ್ಟು ವರ್ಷದಿಂದ ಪುಸ್ತಕ ಮಾಡ್ತಿದೀನಿ. ಬರೀ ಕತೆ ಕಾದಂಬರಿ ಬರೆದು ಮನೆ ಬಾಡಿಗೆ ಕಟ್ಟಿದೋರನ್ನ ನಾನಂತೂ ಕಂಡಿಲ್ಲ. ಎಲ್ಲರಿಗೂ ಒಂದು ಕೆಲಸ ಇರುತ್ತೆ, ಇಲ್ಲಾ ಕೆಲಸಕ್ಕೆ ಹೋಗೋ ಗಂಡನೋ ಹೆಂಡ್ತಿನೋ ಇರ್ತಾರೆ. ನಾನು ಕೊಟ್ಟಿದ್ದು ಎಷ್ಟು ದಿನಕ್ಕೆ ಬಂತು?"

"ಐದು ತಿಂಗಳು ಸಾರ್."

"ಪರವಾಗಿಲ್ಲ. ನಾನು ಮೂರು ಅಂದ್ಕೊಂಡಿದ್ದೆ."

"ಮತ್ತೆ ಯಾಕೆ ಸಾರ್ ಕೊಟ್ರಿ?"

"ಕೊಡದಿದ್ರೆ ಅವರು ಶುರುನೇ ಮಾಡ್ತಿರ್ಲಿಲ್ಲ." ಡ್ರಾಯರಿನಿಂದ ಗಿರಿಜಾ ಸಹಿ ಹಾಕಿದ್ದ ಒಪ್ಪಂದದ ಹಾಳೆ ತೆಗೆದು, ಮೂಲೆಯಿಂದ ಮೂಲೆಗೆ ಒಂದು ಗೀಟು ಎಳೆದರು. ಒಂದು ರಸೀದಿ ಬರೆದು ಕೊಟ್ಟರು. "ಇನ್ನೊಬ್ಬರು ಕೇಳ್ತಾ ಇದ್ದಾರೆ. ಈ ದುಡ್ಡು ಅವರಿಗೆ ಹೋಗುತ್ತೆ. ಇಟ್ಕೊಂಡು ಕಾಯೋ ಶಕ್ತಿ ನನಗೂ ಇಲ್ಲ. ಅವರಿಗೆ ನಾನು ಬೇಜಾರು ಮಾಡ್ಕೊಂಡಿಲ್ಲ ಅಂತ ಹೇಳಿ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ನನಗೆ ಎಷ್ಟು ಹಗುರವಾಗಿತ್ತೆಂದರೆ, ಇಳಿದ ಕೂಡಲೇ ಎರಡು ಕೆ.ಜಿ. ಅವರೆಕಾಯಿ ಕೊಂಡೆ, ಸೊಗಡು ಚೆನ್ನಾಗಿದ್ದದ್ದನ್ನೇ ಆರಿಸಿ. ಮನೆಗೆ ಬಂದರೆ ಗಿರಿಜಾ ಎದ್ದು ಕೂತಿದ್ದಾಳೆ! ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದಾಳೆ. ಕಾಯಿ ನೋಡಿ ಮೊರ ತಂದಳು. ಇಬ್ಬರೂ ಎದುರುಬದುರು ಕೂತು ಸುಲಿಯತೊಡಗಿದೆವು. ಸ್ವಲ್ಪ ಹೊತ್ತಾದ ಮೇಲೆ ನಾನು ರಸೀದಿಯನ್ನು ಜೇಬಿನಿಂದ ತೆಗೆದು ಅವಳ ಕೈಗೆ ಕೊಟ್ಟೆ. ಬಿಡುಗಡೆಯ ಪತ್ರ ಕೊಟ್ಟವನ ಹಾಗೆ ಕೊಟ್ಟೆ.

"ಇನ್ಮೇಲೆ ನೀನು ಆರಾಮಾಗಿರು. ಬಿಡಿಸ್ಕೊಂಡು ಬಂದೆ."

ಅವಳು ಓದಿದಳು. ಮತ್ತೊಮ್ಮೆ ಓದಿದಳು.

"ಏನಂತ ಹೇಳಿ ಕೊಟ್ರಿ?"

"ನೀನೇ ಕಳಿಸಿದೆ ಅಂತ."

ಮೊರದಲ್ಲಿದ್ದ ಕಾಳನ್ನು ಬೆರಳಿನಿಂದ ಸರಿಸುತ್ತಾ, ದನಿ ಏರಿಸದೆ ಕೇಳಿದಳು. "ನಿಮ್ಮ ಮಗ್ಗದಲ್ಲಿ ಯಾರಾದ್ರೂ ಅಡ್ವಾನ್ಸ್ ವಾಪಸ್ ತಂದುಕೊಟ್ರೆ, ಅವರ ಜಾಗಕ್ಕೆ ಏನ್ ಮಾಡ್ತೀರಿ?"

"ಬೇರೆಯೋರನ್ನ ಕೂರಿಸ್ತೀವಿ" ಎಂದೆ, ಯೋಚಿಸದೆ.

ಹೇಳಿದ ಮೇಲೆ ನನಗೇ ಕೇಳಿಸಿತು. ಮುಂಗಡ ಹಿಂದಕ್ಕೆ ಬಂತೆಂದರೆ ಆ ಕೈ ಇನ್ನು ನಮ್ಮಲ್ಲಿ ಕೆಲಸ ಮಾಡುವುದಿಲ್ಲ ಎಂದು ಅರ್ಥ. ಇಪ್ಪತ್ತು ವರ್ಷ ಮಾಲೀಕನಾಗಿದ್ದವನಿಗೆ ಅದು ಗೊತ್ತಿಲ್ಲದೆ ಇರಲಿಲ್ಲ. ಆದರೆ ಅವತ್ತಿಡೀ ನಾನು ನೇಯುವವನ ಕಡೆಯಿಂದಷ್ಟೇ ನೋಡಿದ್ದೆ, ಕಟ್ಟು ಬಿಚ್ಚಿತು ಎಂದು. ಅವನು ಕೂರುತ್ತಿದ್ದ ಮಗ್ಗವೂ ಹೋಯಿತು ಎನ್ನುವುದನ್ನು ನೋಡಿರಲಿಲ್ಲ.

"ಇವತ್ತು ಬೆಳಿಗ್ಗೆ ಆರು ಪುಟ ಬರೆದೆ" ಎಂದಳು. "ಅವಳು ಯಾಕೆ ಮಾತಾಡ್ತಿಲ್ಲ ಅಂತ ಗೊತ್ತಾಯ್ತು. ನೀವು ಬಂದ್ಮೇಲೆ ಹೇಳೋಣ ಅಂತಿದ್ದೆ."

"ಫೋನ್ ಮಾಡ್ತೀನಿ. ಈಗ್ಲೇ ಮಾಡ್ತೀನಿ ಗಿರಿಜಾ."

"ಬೇಡ, ಬಿಡಿ" ಎಂದಳು. ಅಳಲಿಲ್ಲ, ಬೈಯಲಿಲ್ಲ. ಉಳಿದ ಕಾಯಿಯನ್ನೆಲ್ಲ ಸುಲಿದು, ನೆನೆಹಾಕಿ, ಹಿತುಕಿ, ಸಾರು ಮಾಡಿ ಬಡಿಸಿದಳು. ಆ ವರ್ಷದಲ್ಲಿ ಅವಳು ಪೂರ್ತಿ ಅಡುಗೆ ಮಾಡಿದ್ದು ಅವತ್ತೇ ಮೊದಲು. ಮಾರನೇ ದಿನದಿಂದ ನಾನು ಅಡುಗೆಮನೆಗೆ ಹೋಗಬೇಕಾಗಿಯೇ ಬರಲಿಲ್ಲ.

ಹಣ ಇಲ್ಲದಿದ್ದರೆ ಏನಂತೆ, ಬರೆಯಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ನಾನೂ ಹಾಗೇ ಅಂದುಕೊಂಡೆ. ಸ್ಟೂಲು ತಿಂಗಳುಗಟ್ಟಲೆ ಕಿಟಕಿಯ ಬಳಿಯೇ ಇತ್ತು. ಯುಗಾದಿಗೆ ಮನೆ ತೊಳೆಯುವಾಗ ಅವಳು ಅದನ್ನು ಅಡುಗೆಮನೆಗೆ ಸಾಗಿಸಿ ಮೇಲೆ ಕುಡಿಯುವ ನೀರಿನ ಬಿಂದಿಗೆ ಇಟ್ಟಳು. ಜೂನ್ ಬಂದಾಗ ಶಾಲೆಗೆ ಹೋದಳು. ಆಮೇಲೆ ಶೆಡ್ಡಿನ ಬಾಗಿಲಿಗೆ ಬಂದು ನಿಂತು, ಲಾಳಿ ಎಷ್ಟು ದೂರ ಹಾರುತ್ತದೆ ಎನ್ನುವಂಥದ್ದನ್ನು ನನ್ನಲ್ಲಿ ಎಂದೂ ಕೇಳಲಿಲ್ಲ. ಭಾನುವಾರದ ಪತ್ರಿಕೆಗಳಿಗೂ ಏನೂ ಕಳಿಸಲಿಲ್ಲ. ಕೊರೋನ ಬಂದು ಹೋದ ಮೇಲೆ ಸೀರೆ ಕೇಳುವವರೇ ಇಲ್ಲದೆ ಉಳಿದ ಮಗ್ಗಗಳೂ ಹೋದವು. ನೆಲಮಂಗಲದ ಕಡೆ ಅವಳಿಗೆ ಒಂದು ಶಾಲೆ, ನನಗೆ ಹೆದ್ದಾರಿಯ ಪಕ್ಕದ ಗೋದಾಮಿನಲ್ಲಿ ಸರಕು ಬರೆದುಕೊಳ್ಳುವ ಕೆಲಸ ಸಿಕ್ಕಿತು. ಅರಿಶಿನಕುಂಟೆಗೆ ಬಂದೆವು. ಜಗಳವಿಲ್ಲದೆ, ನೆಮ್ಮದಿಯಾಗಿಯೇ ಇದ್ದೇವೆ. ಅವಳು ನಗುತ್ತಾಳೆ, ಮಗಳ ಮನೆಗೆ ಹೋಗಿಬರುತ್ತಾಳೆ. ಆ ರಸೀದಿಯ ಮಾತನ್ನು ಇಬ್ಬರೂ ಎತ್ತಿಲ್ಲ.

ಕಳೆದ ತಿಂಗಳು ಆ ಓಣಿಯಲ್ಲಿ ನಿಂತಾಗ ಒಂದು ವಿಷಯ ಮನಸ್ಸಿಗೆ ಬಂತು. ಶೇಷಾದ್ರಿಯವರಿಗೆ ನಿಜ ಹೇಳಬೇಕು. ಇಷ್ಟು ವರ್ಷ ಅವರು ಗಿರಿಜಾಳನ್ನು ಮಾತಿಗೆ ತಪ್ಪಿದವಳು ಎಂದುಕೊಂಡಿರುತ್ತಾರಲ್ಲ. ಮುಂದಿನ ಭಾನುವಾರ ಹೋದೆ. ಅದೇ ಜಾಗ. ಪುಸ್ತಕದ ಕಟ್ಟುಗಳು ಕಡಿಮೆಯಾಗಿವೆ. ಮೇಜಿನ ಹಿಂದೆ ಅವರ ಮಗ ಕೂತಿದ್ದ. ಅವರು ಒಳಮನೆಯಲ್ಲಿ ಕಣ್ಣಿಗೆ ಔಷಧಿ ಹಾಕಿಕೊಂಡು ಮಲಗಿದ್ದರು. ಹೆಸರು ಹೇಳಿದೆ. ಗುರುತು ಹಿಡಿದು ಎದ್ದು ಕೂತರು. ನಾನು ಎಲ್ಲವನ್ನೂ ಹೇಳಿದೆ, ಅವತ್ತು ಹೇಳಿದ್ದು ಸುಳ್ಳು, ಅವಳಿಗೆ ಗೊತ್ತೇ ಇರಲಿಲ್ಲ ಎಂದು.

ಅವರು ಕಣ್ಣು ಒರೆಸಿಕೊಳ್ಳುತ್ತಾ ಕೇಳಿದರು. "ಇದನ್ನ ಹೇಳೋಕೆ ಬಂದ್ರಾ? ನನಗೆ ಅವತ್ತೇ ಅನುಮಾನ ಬಂದಿತ್ತು ಮಾರಾಯ್ರೇ. ಅದಕ್ಕೇ ಮಾರನೇ ದಿನ ಅವರಿಗೇ ಫೋನ್ ಮಾಡಿದೆ. ನೀವು ಕಳಿಸಿದ್ದು ಹೌದಾ, ಅಲ್ಲ ಅನ್ನೋದಾದ್ರೆ ದುಡ್ಡು ಇನ್ನೂ ಮೇಜಲ್ಲೇ ಇದೆ, ಇವತ್ತೇ ವಾಪಸ್ ಕಳಿಸ್ತೀನಿ ಅಂದೆ."

"ಏನಂದ್ಲು ಸಾರ್?"

"ಹೌದು ಸಾರ್, ನಾನೇ ಕಳಿಸಿದ್ದು ಅಂದ್ರು. ಎರಡು ಸಲ ಕೇಳಿದೆ. ಎರಡು ಸಲಾನೂ ಅದನ್ನೇ ಅಂದ್ರು."

ಮನೆಗೆ ಬರುವ ಹೊತ್ತಿಗೆ ಸಂಜೆಯಾಗಿತ್ತು. ಪರೀಕ್ಷೆಯ ದಿನಗಳು. ಗಿರಿಜಾ ಚಾಪೆಯ ಮೇಲೆ ಉತ್ತರಪತ್ರಿಕೆ ಹರಡಿಕೊಂಡು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದಳು. ನಾನು ಚಪ್ಪಲಿ ಬಿಟ್ಟು ಎದುರಿಗೆ ಕೂತೆ.

"ಶೇಷಾದ್ರಿಯವರ ಮನೆಗೆ ಹೋಗಿದ್ದೆ."

ಅವಳು ತಲೆ ಎತ್ತಲಿಲ್ಲ. "ಹೇಗಿದಾರೆ?"

"ಕಣ್ಣು ಆಪರೇಷನ್ ಆಗಿದೆ. ನೀನು ಫೋನಲ್ಲಿ ಹೇಳಿದ್ದನ್ನ ಹೇಳಿದ್ರು."

ಪೆನ್ನು ನಿಂತಿತು. ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಲೇ ಇದ್ದವು.

"ಯಾಕೆ ಹಂಗಂದೆ ಗಿರಿಜಾ? ಒಂದು ಮಾತು ಹೇಳಿದ್ರೆ ದುಡ್ಡು ಬರ್ತಿತ್ತು, ಎಲ್ಲಾ ಮೊದಲಿನ ಹಾಗೇ ಇರ್ತಿತ್ತು."

"ನಿಮ್ಮನ್ನ ಸುಳ್ಳು ಹೇಳೋ ಮನುಷ್ಯ ಅಂತ ಅವರು ತಿಳ್ಕೋಬಾರ್ದು ಅನ್ನಿಸ್ತು" ಎಂದಳು. ಆಮೇಲೆ ಹಾಳೆಯ ಮೇಲಿಂದ ಕಣ್ಣು ತೆಗೆಯದೆ, "ಇದು ಹೋದ್ರೆ ಇನ್ನೊಂದು ಬರೀಬಹುದು ಅಂದ್ಕೊಂಡಿದ್ದೆ ಕಣ್ರೀ, ಆವಾಗ" ಎಂದಳು.

ಆ ಹಾಳೆಯ ಕೆಳಗೆ ಅಂಕ ಹಾಕಿ, ಸುತ್ತಲೂ ಗೀಟೆಳೆದು, ಮುಂದಿನದನ್ನು ಎತ್ತಿಕೊಂಡಳು.